ಎರಡು ಬಿಡುವಿನ ಪೀರಿಯಡ್: ಒಬ್ಬ ಗಣಿತ ಶಿಕ್ಷಕಿಯ ನಾರ್ಕೊಲೆಪ್ಸಿ ಪ್ರಕರಣ

ಅವರಿಗೆ 31 ವರ್ಷ. ತುಮಕೂರು ಜಿಲ್ಲೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಮನೆಯಲ್ಲಿ ಗಂಡ, ಅತ್ತೆ, ಐದು ವರ್ಷದ ಮಗ. ಮೊದಲ ಸಲ ನನ್ನ ಕ್ಲಿನಿಕ್ಕಿಗೆ ಬಂದಾಗ ಕೈಯಲ್ಲಿ ಆಡಳಿತ ಮಂಡಳಿ ಕೊಟ್ಟ ನೋಟಿಸ್ ಇತ್ತು. ತರಗತಿಯಲ್ಲಿ ಕುರ್ಚಿಗೆ ಒರಗಿ ನಿದ್ದೆ ಹೋಗಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಕರ್ತವ್ಯ ಲೋಪಕ್ಕಾಗಿ ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು ನೋಟಿಸ್ ಕೇಳಿತ್ತು. ಉತ್ತರಕ್ಕೆ ಏಳು ದಿನ ಗಡುವು.

ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ನಾರ್ಕೊಲೆಪ್ಸಿ ಎಂದರೆ ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುವ ನರರೋಗ. ಅದಕ್ಕೆ ಮಾತ್ರೆ ಇದೆ. ಆದರೆ ಮಾತ್ರೆ ಮಾಡುವುದು ಅರ್ಧ ಕೆಲಸ. ಉಳಿದರ್ಧ ಇರುವುದು ದಿನದ ವೇಳಾಪಟ್ಟಿಯಲ್ಲಿ. ಆ ವೇಳಾಪಟ್ಟಿಯನ್ನು ರೋಗಿ ಒಬ್ಬರೇ ಬದಲಿಸಲಾರರು. ಹೆಡ್ಮಿಸ್ಟ್ರೆಸ್, ಅತ್ತೆ, ಬಸ್ ಕಂಡಕ್ಟರ್ ಎಲ್ಲರೂ ಸ್ವಲ್ಪ ಸ್ವಲ್ಪ ಜಾಗ ಬಿಟ್ಟುಕೊಡಬೇಕು. ಈ ಪ್ರಕರಣದಲ್ಲಿ ಬಿಟ್ಟುಕೊಟ್ಟರು. ಅದಕ್ಕೇ ಇದನ್ನು ವಿವರವಾಗಿ ಹೇಳಬೇಕು ಅನಿಸಿತು.

ಹದಿಮೂರು ವರ್ಷ ಏನೇನಾಗಿತ್ತು

ನಿದ್ದೆ ಕಾಡಲು ಶುರುವಾದದ್ದು ಪದವಿಯ ಮೊದಲ ವರ್ಷದಲ್ಲಿ, 18ರ ವಯಸ್ಸಿಗೆ. ಅಲ್ಲಿಯವರೆಗೆ ಬೆಳಗಿನ ಜಾವ ಎದ್ದು ಓದುತ್ತಿದ್ದ ಹುಡುಗಿ. ಆಮೇಲೆ ಕ್ಲಾಸಲ್ಲಿ, ಬಸ್ಸಲ್ಲಿ, ಕೊನೆಗೆ ಊಟದ ತಟ್ಟೆಯ ಮುಂದೆಯೂ ತೂಕಡಿಕೆ. ರಾತ್ರಿ ಎಂಟು ತಾಸು ಮಲಗಿದರೂ ಅಷ್ಟೇ. ಹಾಸ್ಟೆಲಿನಲ್ಲಿ ಕುಂಭಕರ್ಣ ಅಂತ ಹೆಸರು ಬಿತ್ತು. ಮನೆಯಲ್ಲಿ "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅನ್ನುತ್ತಿದ್ದರು. ಅದನ್ನು ನನಗೆ ಹೇಳುವಾಗ ಅವರ ಕಣ್ಣು ತುಂಬಿತು. ಆ ಹದಿಮೂರು ವರ್ಷ ಅವರಿಗೆ ಇದ್ದದ್ದೆಲ್ಲ ಚಿಂತೆಯೇ.

ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಥೈರಾಯ್ಡ್ ಪರೀಕ್ಷೆ ಆಯಿತು, ಸರಿ ಇತ್ತು. ಹೆರಿಗೆಯ ನಂತರ ಬಾಣಂತನದ ಸುಸ್ತು ಅಂದರು. ಆಮೇಲೆ ಖಿನ್ನತೆ ಅಂದರು, ಅದಕ್ಕೂ ಮಾತ್ರೆ ಬಂತು.

ಇದರ ಜೊತೆಗೆ ಇನ್ನೊಂದು ತೊಂದರೆ ಇತ್ತು. ಜೋರಾಗಿ ನಗು ಬಂದರೆ ಮೊಣಕಾಲು ಕುಸಿಯುತ್ತಿತ್ತು. ಕೆಲವೊಮ್ಮೆ ದವಡೆ ಮಾತ್ರ ಜೋತು ಬಿದ್ದು ಮಾತು ತೊದಲುತ್ತಿತ್ತು. ಕೈಯಲ್ಲಿದ್ದ ಲೋಟ ಬೀಳುತ್ತಿತ್ತು. ತಮ್ಮನ ಮದುವೆಯಲ್ಲಿ ಎಲ್ಲರ ಮುಂದೆ ನೆಲಕ್ಕೆ ಕುಸಿದರು. ಯಾರೋ ಕೈಗೆ ಬೀಗದ ಕೈ ತುರುಕಿದರು, ಯಾರೋ ಮುಖಕ್ಕೆ ನೀರು ಎರಚಿದರು. ಫಿಟ್ಸ್ ಎಂದು ತೀರ್ಮಾನವಾಗಿ ಎರಡು ವರ್ಷ ಅದರ ಮಾತ್ರೆ ನುಂಗಿದರು. ಆ ಮಾತ್ರೆಗಳಲ್ಲಿ ಹಲವು ನಿದ್ದೆ ತರುವಂಥವು. ಮೊದಲೇ ತೂಕಡಿಸುತ್ತಿದ್ದವರಿಗೆ ಇನ್ನೂ ಜಾಸ್ತಿ ನಿದ್ದೆ.

ಬೀಳುವ ಮುಂಚೆ ಏನಾಗುತ್ತಿತ್ತು ಎಂದು ಕೇಳಿದೆ. "ಯಾವಾಗಲೂ ನಗು ಮೇಡಂ. ಬಿದ್ದಿರ್ತೀನಿ, ಆದರೆ ಎಲ್ಲ ಕೇಳಿಸ್ತಿರುತ್ತೆ. ಯಾರ್ಯಾರು ಏನೇನಂದ್ರು ಅಂತ ಆಮೇಲೆ ಹೇಳಬಲ್ಲೆ," ಅಂದರು. ಕಾಯಿಲೆಯ ಗುರುತು ಸಿಕ್ಕಿದ್ದು ಅಲ್ಲೇ. ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್ ಬಂದರೆ ಎಚ್ಚರ ತಪ್ಪುತ್ತದೆ. ಇಲ್ಲಿ ಎಚ್ಚರ ಪೂರ್ತಿ ಇದೆ, ಸ್ನಾಯುಗಳ ಬಲ ಮಾತ್ರ ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದವರೆಗೆ ಹೋಗುತ್ತದೆ. ಇದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಬೀಳುವ ಮುಂಚೆ ಏನಾಯಿತು ಎಂದು ಕೇಳಲು ಯಾವ ಯಂತ್ರವೂ ಬೇಡ. ದಯವಿಟ್ಟು ಎಲ್ಲ ವೈದ್ಯರೂ ಇದನ್ನು ಕೇಳಬೇಕು.

ಅವರು ತಿದ್ದಿದ ಮಕ್ಕಳ ನೋಟ್‌ಬುಕ್ ತರಲು ಹೇಳಿದ್ದೆ. ಕೆಂಪು ಶಾಯಿಯ ಗುರುತುಗಳು ಮೊದಲ ಪುಟಗಳಲ್ಲಿ ನೆಟ್ಟಗಿದ್ದವು. ಆಮೇಲೆ ಓರೆಯಾಗಿ, ಗೀಟಾಗಿ, ಪುಟದ ಅಂಚಿನಾಚೆಗೆ ಹೋಗಿದ್ದವು. ಅವರಿಗೆ ಅದು ನೆನಪಿಲ್ಲ. ಅರೆನಿದ್ದೆಯಲ್ಲೂ ಕೈ ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತದೆ. ಈ ಕಾಯಿಲೆಯಲ್ಲಿ ಇದು ಸಾಮಾನ್ಯ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗಲೂ ಹಾಗೇ ಆಗಿತ್ತಂತೆ.

ಇನ್ನು ಬೆಳಗಿನ ಜಾವದ ಕಾಟ. ಕಣ್ಣು ಬಿಟ್ಟಿದ್ದರೂ ಕೈಕಾಲು ಆಡುತ್ತಿರಲಿಲ್ಲ. ಬಾಗಿಲ ಬಳಿ ಯಾರೋ ನಿಂತ ಹಾಗೆ, ಎದೆ ಮೇಲೆ ಕೂತ ಹಾಗೆ. ಗಾಳಿ ಸೋಕಿದೆ ಎಂದು ತಾಯಿ ತಾಯತ ಕಟ್ಟಿಸಿದ್ದರು. ಮಗಳು ಹೆದರಿ ನಡುಗುತ್ತಿದ್ದರೆ ತಾಯಿಗೆ ಗೊತ್ತಿದ್ದ ದಾರಿ ಅದೊಂದೇ. ಕನಸಿನ ನಿದ್ದೆಯಲ್ಲಿ ನಾವೆಲ್ಲರೂ ಕೈಕಾಲು ಆಡಿಸದ ಸ್ಥಿತಿಯಲ್ಲಿರುತ್ತೇವೆ. ನಾರ್ಕೊಲೆಪ್ಸಿ ಇರುವವರಲ್ಲಿ ಆ ಸ್ಥಿತಿಯೂ ಆ ಕನಸೂ ಎಚ್ಚರದೊಳಗೆ ನುಗ್ಗುತ್ತವೆ. ಹಾಗಂತ ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ "ಹಾಗಾದ್ರೆ ನನಗೆ ಹುಚ್ಚು ಹಿಡಿದಿಲ್ಲ ಅಲ್ವಾ?" ಎಂದು ಕೇಳಿದರು.

ಮಿದುಳಿನಲ್ಲಿ ಇಲ್ಲದಿರುವುದು ಏನು

ಮಿದುಳಿನ ಕೆಳಭಾಗದಲ್ಲಿ ಹೈಪೊಥಲಮಸ್ ಎಂಬ ಚಿಕ್ಕ ಜಾಗವಿದೆ. ಅಲ್ಲಿನ ಕೆಲವು ನರಕೋಶಗಳು ಒರೆಕ್ಸಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಎಚ್ಚರವನ್ನು ತಡೆಯಿಲ್ಲದೆ ಹಿಡಿದಿಡುವುದು ಅದರ ಕೆಲಸ. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದವು. ಹಾಗಾಗಿ ಅದಕ್ಕೆ ಹೈಪೊಕ್ರೆಟಿನ್ ಎಂಬ ಇನ್ನೊಂದು ಹೆಸರೂ ಇದೆ. ಕ್ಯಾಟಪ್ಲೆಕ್ಸಿ ಇರುವ ನಾರ್ಕೊಲೆಪ್ಸಿಯಲ್ಲಿ ಈ ಕೋಶಗಳು ಬಹುಪಾಲು ನಾಶವಾಗಿರುತ್ತವೆ ಎಂದು 2000ದಲ್ಲಿ ಗೊತ್ತಾಯಿತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವನ್ನು ಕೊಲ್ಲುತ್ತದೆ ಎಂಬುದಕ್ಕೆ ಗಟ್ಟಿ ಸೂಚನೆಗಳಿವೆ. ಹೋದ ಕೋಶ ಮತ್ತೆ ಬರುವುದಿಲ್ಲ. ಆದ್ದರಿಂದ ಇದು ಜೀವನಪೂರ್ತಿ ಇರುವ ಕಾಯಿಲೆ. ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತದೆ, ಹೆಚ್ಚಾಗಿ ಹದಿವಯಸ್ಸಿನಲ್ಲಿ ಶುರುವಾಗುತ್ತದೆ.

ಇದು ಮಗನಿಗೂ ಬರುತ್ತದಾ ಅನ್ನುವುದು ಅವರ ದೊಡ್ಡ ಭಯ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಒಂದೆರಡು ಮಾತ್ರ. ಅದನ್ನು ಗಂಡನ ಎದುರೇ ಹೇಳಿದೆ.

ನರರೋಗ ತಜ್ಞರ ಬಳಿ ಬೆಂಗಳೂರಿಗೆ ಕಳಿಸಿದೆ. ಪರೀಕ್ಷೆಗೆ ಮುಂಚೆ ಖಿನ್ನತೆಯ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಆ ಮಾತ್ರೆ ಕನಸಿನ ನಿದ್ದೆಯನ್ನು ತಡೆಯುವುದರಿಂದ ಪರೀಕ್ಷೆಯ ಫಲಿತಾಂಶ ಕೆಡುತ್ತದೆ. ಎರಡು ವಾರ ನಿದ್ದೆಯ ದಿನಚರಿ ಬರೆಸಿದರು. ಆಮೇಲೆ ಒಂದು ರಾತ್ರಿಯಿಡೀ ಮಿದುಳಿನ ಅಲೆ, ಉಸಿರಾಟ, ಕಣ್ಣಿನ ಚಲನೆ ದಾಖಲಿಸಿದರು. ಗೊರಕೆಯಿಂದ ಉಸಿರು ಕಟ್ಟುವ ತೊಂದರೆ ಇಲ್ಲ ಎಂದು ಅದರಲ್ಲಿ ಖಚಿತವಾಯಿತು. ಮಾರನೇ ಹಗಲು ಎರಡೆರಡು ತಾಸಿಗೊಮ್ಮೆ ಐದು ಸಲ ಮಲಗಲು ಅವಕಾಶ ಕೊಟ್ಟರು. ಸರಾಸರಿ 8 ನಿಮಿಷದೊಳಗೆ ನಿದ್ದೆ ಬಂದು, ಕನಿಷ್ಠ ಎರಡು ಸಲ ನೇರ ಕನಸಿನ ನಿದ್ದೆಗೆ ಜಾರಿದರೆ ನಾರ್ಕೊಲೆಪ್ಸಿ ಎಂದು ಲೆಕ್ಕ. ಇವರಿಗೆ ಮೂರು ನಿಮಿಷದೊಳಗೇ ನಿದ್ದೆ ಬರುತ್ತಿತ್ತು, ಐದರಲ್ಲಿ ನಾಲ್ಕು ಸಲ ನೇರ ಕನಸಿಗೆ ಇಳಿದಿದ್ದರು.

ಬಿಡುವಿನ ಪೀರಿಯಡ್ ಜಾಗ ಬದಲಾದದ್ದು

ರೋಗದ ಹೆಸರು ಹೇಳುವ ಪತ್ರ ಕೈಗೆ ಬರುವವರೆಗೆ ನೋಟಿಸಿಗೆ ಉತ್ತರಿಸಲು ಹೆಚ್ಚಿನ ಸಮಯ ಕೇಳಿ ಅರ್ಜಿ ಕೊಟ್ಟಿದ್ದರು. ಪತ್ರ ಬಂದ ಮೇಲೆ ಹೆಡ್ಮಿಸ್ಟ್ರೆಸ್ ನನ್ನನ್ನು ನೋಡಲು ತಾವೇ ಬಂದರು. "ಶಾಲೆಯಲ್ಲಿ ಮಲಗೋಕೆ ಬಿಟ್ಟೆ ಅಂದ್ರೆ ನಾಳೆ ಎಲ್ಲರೂ ಕೇಳ್ತಾರೆ ಡಾಕ್ಟ್ರೇ, ನಾನು ಏನು ಹೇಳಲಿ?" ಎಂದರು. ನ್ಯಾಯವಾದ ಪ್ರಶ್ನೆ. ಸಕ್ಕರೆ ಕಾಯಿಲೆಯ ಒಬ್ಬ ಸಹೋದ್ಯೋಗಿ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡರೆ ಯಾರೂ ಆಕ್ಷೇಪ ಎತ್ತುವುದಿಲ್ಲ, ಇವರ 20 ನಿಮಿಷದ ನಿದ್ದೆಯೂ ಹಾಗೇ ಒಂದು ಡೋಸ್ ಎಂದೆ.

ಡೋಸ್ ಎನ್ನುವುದು ಬರೀ ಮಾತಿಗಲ್ಲ. ನಾರ್ಕೊಲೆಪ್ಸಿ ಇರುವವರು 15-20 ನಿಮಿಷ ಮಲಗಿ ಎದ್ದರೆ ಸಾಮಾನ್ಯವಾಗಿ ಹಗುರಾಗುತ್ತಾರೆ. ಮುಂದಿನ ಎರಡು ತಾಸು, ಅದೃಷ್ಟವಿದ್ದರೆ ಇನ್ನೂ ಸ್ವಲ್ಪ ಹೊತ್ತು, ತಲೆ ಚುರುಕಾಗಿರುತ್ತದೆ. ಆದರೆ ನಿದ್ದೆ ಮೇಲೆ ಬಿದ್ದ ಮೇಲೆ ಮಲಗಿದರೆ ಪ್ರಯೋಜನ ಕಡಿಮೆ. ಅಷ್ಟರಲ್ಲಿ ಪಾಠ ಕೆಟ್ಟಿರುತ್ತದೆ, ಮರ್ಯಾದೆ ಹೋಗಿರುತ್ತದೆ. ಅದು ಬರುವುದಕ್ಕೆ ಮುಂಚೆಯೇ ಹೊತ್ತು ಗೊತ್ತು ಮಾಡಿ ಮಲಗಬೇಕು.

ದಿನಚರಿ ತೆಗೆದು ನೋಡಿದೆವು. ಹನ್ನೊಂದೂವರೆಯಿಂದ ಹನ್ನೆರಡು, ಮತ್ತೆ ಎರಡೂವರೆಯಿಂದ ಮೂರು. ಹೆಚ್ಚಿನ ನಿದ್ದೆಯೆಲ್ಲ ಈ ಎರಡು ಹೊತ್ತಿನಲ್ಲೇ ಬಂದಿತ್ತು. ಎಲ್ಲ ಶಿಕ್ಷಕರ ಹಾಗೆ ಇವರಿಗೂ ದಿನಕ್ಕೆ ಎರಡು ಬಿಡುವಿನ ಪೀರಿಯಡ್ ಇದ್ದವು. ಆದರೆ ಒಂದು ಬೆಳಿಗ್ಗೆ ಮೊದಲನೆಯದು, ಇನ್ನೊಂದು ದಿನದ ಕೊನೆಯದು. ಎರಡೂ ಅವರಿಗೆ ಬೇಡದ ಹೊತ್ತು. ಹೆಡ್ಮಿಸ್ಟ್ರೆಸ್ ಹಿಂದಿ ಮತ್ತು ಸಮಾಜ ವಿಜ್ಞಾನದ ಶಿಕ್ಷಕರ ಜೊತೆ ಪೀರಿಯಡ್ ಅದಲು ಬದಲು ಮಾಡಿಸಿದರು. ಒಂದೇ ಒಂದು ತರಗತಿಯೂ ಕಡಿಮೆಯಾಗಲಿಲ್ಲ. ಆಡಳಿತ ಮಂಡಳಿಯನ್ನು ಒಪ್ಪಿಸಿದ್ದೂ ಇದೇ ಸಂಗತಿ. ನೋಟಿಸ್ ವಾಪಸ್ ಆಯಿತು.

ಮಲಗಲು ಜಾಗ? ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಮಲಗಲು ಅವರಿಗೆ ಸಂಕೋಚ. ಆಟದ ಸಾಮಾನು ಇಡುವ ಕೋಣೆಯಲ್ಲಿ ಪಿ.ಟಿ. ಮೇಷ್ಟ್ರು ಒಂದು ಮ್ಯಾಟ್ ಹಾಸಿಕೊಟ್ಟರು. ಫೋನಿನಲ್ಲಿ ಅಲಾರಂ. ಅದಕ್ಕೆ ಏಳದಿದ್ದರೆ ಹಿಂದಿ ಟೀಚರ್ ಬಂದು ಎಬ್ಬಿಸುತ್ತಾರೆ. ಅರ್ಧ ತಾಸು ದಾಟಲು ಬಿಡುವುದಿಲ್ಲ, ದಾಟಿದರೆ ಎದ್ದ ಮೇಲೂ ಮಂಪರು ಉಳಿಯುತ್ತದೆ.

ಪಾಠದ ರೀತಿಯೂ ಸ್ವಲ್ಪ ಬದಲಾಯಿತು. ನೋಟ್ಸ್ ಹೇಳಿ ಬರೆಸುವುದು ಬಿಟ್ಟರು. ಒಂದೇ ದನಿಯಲ್ಲಿ ಹೇಳುತ್ತಾ ನಿಂತರೆ ನಿದ್ದೆ ಬರುತ್ತಿತ್ತು. ಮಕ್ಕಳನ್ನೇ ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿ, ತಾವು ಬೆಂಚುಗಳ ನಡುವೆ ಓಡಾಡುತ್ತಾರೆ. ನೋಟ್‌ಬುಕ್ ತಿದ್ದುವುದು ನಿಂತುಕೊಂಡೇ, ಅದೂ ಮಲಗಿ ಎದ್ದ ಕೂಡಲೇ. ಪರೀಕ್ಷೆಯ ಮೇಲ್ವಿಚಾರಣೆ ಮಾತ್ರ ಇವರಿಗೆ ಆಗದ ಕೆಲಸ. ಮೂರು ತಾಸು ಸದ್ದಿಲ್ಲದ ಕೋಣೆಯಲ್ಲಿ ಏನೂ ಮಾಡದೆ ಕೂರಬೇಕು. ಅದರ ಬದಲು ಪ್ರಶ್ನೆಪತ್ರಿಕೆ ಹಂಚುವ, ಉತ್ತರ ಪತ್ರಿಕೆ ಎಣಿಸಿ ಕಟ್ಟುವ ಓಡಾಟದ ಕೆಲಸ ವಹಿಸಿದರು.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪಟ್ಟಿಯಲ್ಲಿ 21 ಬಗೆಯ ಸ್ಥಿತಿಗಳಿವೆ. ದೀರ್ಘಕಾಲದ ನರರೋಗ ಎಂಬ ಬಗೆ ಅದರಲ್ಲಿದೆ, ನಾರ್ಕೊಲೆಪ್ಸಿ ಎಂಬ ಹೆಸರಿಲ್ಲ. ಹಾಗಾಗಿ ನಾವು ನಂಬಿದ್ದು ನರರೋಗ ತಜ್ಞರ ಒಂದು ಪುಟದ ಪತ್ರವನ್ನು. ಕಾಯಿಲೆ ಏನು, ಏನು ಬೇಕು, ಏನು ಬೇಡ ಎಂದು ಕನ್ನಡದಲ್ಲೇ ಬರೆಸಿದೆವು. ಆಡಳಿತ ಮಂಡಳಿಯ ಹಿರಿಯರು ಅದನ್ನು ಸಭೆಯಲ್ಲಿ ಓದಿಸಿಕೊಂಡರು.

ಮಾತ್ರೆಗಳ ಬಗ್ಗೆ

ಹಗಲಿನ ನಿದ್ದೆ ತಡೆಯಲು ಮೊಡಾಫಿನಿಲ್, ಬೆಳಿಗ್ಗೆ 100 ಮಿಲಿಗ್ರಾಂ, ಮಧ್ಯಾಹ್ನ 100. ಇದು ತಜ್ಞರು ಇವರಿಗೆ ಬರೆದ ಪ್ರಮಾಣ, ಬೇರೆಯವರಿಗೆ ಬೇರೆ ಇರುತ್ತದೆ. ಮಧ್ಯಾಹ್ನದ್ದನ್ನು ತಡ ಮಾಡಿದರೆ ರಾತ್ರಿ ನಿದ್ದೆ ಕೆಡುತ್ತದೆ. ಮೊದಲ ವಾರ ತಲೆನೋವು ಇತ್ತು, ಆಮೇಲೆ ಹೋಯಿತು. ಚರ್ಮದ ಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕು ಎಂದು ಹೇಳಿದ್ದೆ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯಿಡೀ ಓದಲೆಂದು ಇದೇ ಮಾತ್ರೆ ಹುಡುಕುವ ಹುಡುಗರಿದ್ದಾರೆ. ದಯವಿಟ್ಟು ಬೇಡ. ಇದು ಕಾಯಿಲೆಗೆ ಇರುವ ಔಷಧ.

ಹೆಣ್ಣುಮಕ್ಕಳಿಗೆ ಒಂದು ಮಾತು ಮುಖ್ಯ. ಮೊಡಾಫಿನಿಲ್ ಗರ್ಭನಿರೋಧಕ ಗುಳಿಗೆಯ ಬಲ ಕಡಿಮೆ ಮಾಡುತ್ತದೆ. ಇವರು ಆ ಗುಳಿಗೆಯನ್ನೇ ನಂಬಿಕೊಂಡಿದ್ದರು. ಕೇಳದಿದ್ದರೆ ಅವರಾಗಿ ಹೇಳುತ್ತಿರಲಿಲ್ಲ. ಕಾಪರ್-ಟಿ ಹಾಕಿಸಿದ ಮೇಲೆಯೇ ಮೊಡಾಫಿನಿಲ್ ಶುರು ಮಾಡಿದ್ದು.

ಕುಸಿದು ಬೀಳುವುದಕ್ಕೆ ಕಡಿಮೆ ಪ್ರಮಾಣದ ವೆನ್ಲಾಫಾಕ್ಸಿನ್ ಕೊಟ್ಟರು. ಇದು ಖಿನ್ನತೆಗೆ ಕೊಡುವ ಔಷಧ ನಿಜ, ಆದರೆ ಕನಸಿನ ನಿದ್ದೆಯನ್ನು ತಡೆಯುವುದರಿಂದ ಕ್ಯಾಟಪ್ಲೆಕ್ಸಿಗೂ ಕೆಲಸ ಮಾಡುತ್ತದೆ. ವಾರಕ್ಕೆ ಹಲವು ಸಲ ಆಗುತ್ತಿದ್ದದ್ದು ತಿಂಗಳಿಗೆ ಒಂದೆರಡಕ್ಕೆ ಇಳಿಯಿತು. ಯುಗಾದಿಗೆ ತವರಿಗೆ ಹೋದಾಗ ಈ ಮಾತ್ರೆ ಮುಗಿದುಹೋಯಿತು. ಊರಿನ ಅಂಗಡಿಯಲ್ಲಿ ಸಿಗಲಿಲ್ಲ. ಎರಡು ದಿನವಾದ ಮೇಲೆ ಒಂದರ ಹಿಂದೊಂದು ಕುಸಿತ. ಎದ್ದು ನಿಂತರೆ ಸಾಕು, ಮತ್ತೆ ಕಾಲು ಮಡಚಿಕೊಳ್ಳುತ್ತಿತ್ತು. ಈ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಹೀಗೆ ತಿರುಗಿ ಬಡಿಯುತ್ತದೆ. ಮಾತ್ರೆ ತರಿಸಿಕೊಟ್ಟ ಮೇಲೆ ನಿಂತಿತು. ಈಗ ಹತ್ತು ದಿನದ ಮಾತ್ರೆ ಪರ್ಸಿನಲ್ಲಿ, ಇನ್ನೊಂದಿಷ್ಟು ತವರಿನ ದೇವರ ಮನೆಯ ಗೂಡಿನಲ್ಲಿ ಇರುತ್ತದೆ.

ಮನೆ ಮತ್ತು ರಸ್ತೆ

ಸ್ಕೂಟರ್ ಬಿಡಿಸಿದ್ದು ಎಲ್ಲಕ್ಕಿಂತ ಕಷ್ಟವಾಯಿತು. ಸ್ವಂತ ದುಡಿಮೆಯಲ್ಲಿ ತೆಗೆದುಕೊಂಡ ಗಾಡಿ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಎರಡು ಸಲ ಕಣ್ಣು ಮುಚ್ಚಿದ್ದನ್ನು ಅವರೇ ಹೇಳಿದ್ದರು. ಚಾಲನಾ ಪರವಾನಗಿಯ ಅರ್ಜಿ ಜೊತೆ ಕೊಡುವ ಫಾರಂ 1ರಲ್ಲಿ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವ ತೊಂದರೆ ಇದೆಯೇ ಎಂಬ ಪ್ರಶ್ನೆ ಇರುವುದು ಇದಕ್ಕೇ. ಈಗ ಬಸ್ಸು. ಕಂಡಕ್ಟರಿಗೆ ವಿಷಯ ಗೊತ್ತು, ಶಾಲೆಯ ಸ್ಟಾಪ್ ಬಂದಾಗ "ಟೀಚರ್" ಎಂದು ಕೂಗುತ್ತಾರೆ. ಮುಂದೆ ಮಾತ್ರೆ ಚೆನ್ನಾಗಿ ಹಿಡಿದರೆ ತಜ್ಞರು ಮತ್ತೆ ಪರೀಕ್ಷಿಸಿ ಹೇಳಲಿ. ಅಲ್ಲಿಯವರೆಗೆ ಗಾಡಿ ಬೇಡ ಎಂಬ ಮಾತಿನಲ್ಲಿ ನಾನು ಸಡಿಲ ಬಿಡಲಿಲ್ಲ.

ಅತ್ತೆಯವರನ್ನು ಒಪ್ಪಿಸುವುದು ಕಷ್ಟ ಎಂದುಕೊಂಡು ಕರೆಸಿದೆ. "ಸೊಸೆ ಮಧ್ಯಾಹ್ನ ಮಲಗಿದ್ರೆ ಬೈತಿದ್ದೆ ಡಾಕ್ಟ್ರಮ್ಮ. ಮೈಗಳ್ಳಿ ಅಂದಿದ್ದೀನಿ. ಕಾಯಿಲೆ ಅಂತ ಯಾರೂ ಹೇಳಿರ್ಲಿಲ್ಲ," ಎಂದು ಅವರೇ ಶುರು ಮಾಡಿದರು. ಅಡುಗೆಮನೆಯನ್ನು ಮೊದಲು ಸರಿಪಡಿಸಿದ್ದೂ ಅವರೇ. ಈಳಿಗೆಮಣೆ ಅಟ್ಟ ಸೇರಿತು. ತರಕಾರಿ ಈಗ ಮೇಜಿನ ಮುಂದೆ ಕೂತು ಚಾಕುವಿನಲ್ಲಿ ಹೆಚ್ಚುವುದು. ಎಣ್ಣೆಯಲ್ಲಿ ಕರಿಯುವುದು, ಗಂಜಿ ಬಸಿಯುವುದು ಅತ್ತೆಯ ಪಾಲಿಗೆ ಬಂತು. ಬಚ್ಚಲಿನ ಚಿಲಕ ಹಾಕುವ ಹಾಗಿಲ್ಲ. ಬಾವಿಕಟ್ಟೆಗೆ ಒಬ್ಬರೇ ಹೋಗುವುದಿಲ್ಲ. ಮಗನನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದಿಲ್ಲ.

ಊಟದ ವಿಷಯ ಸುಲಭವಾಗಿ ಮುಗಿಯಿತು. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ತಿಂದರೆ ಪಾಠ ಮಾಡಲು ಆಗುತ್ತಿರಲಿಲ್ಲ. ಅರ್ಧ ಮುದ್ದೆ, ಜಾಸ್ತಿ ಕಾಳು, ಪಲ್ಯ ಮಾಡಿಕೊಂಡರು. ಈ ಕಾಯಿಲೆಯಲ್ಲಿ ತೂಕ ಏರುವುದು ಸಾಮಾನ್ಯ, ಇವರಿಗೂ ಏರಿತ್ತು. ಸಂಜೆಯ ನಡಿಗೆಯಿಂದ ಸ್ವಲ್ಪ ಇಳಿದಿದೆ. ರಾತ್ರಿ ಹತ್ತಕ್ಕೆ ಮಲಗಿ ಆರಕ್ಕೆ ಏಳುವುದು, ಭಾನುವಾರವೂ ಅದೇ ಹೊತ್ತು.

ನಗು

ನನ್ನ ಮನಸ್ಸಿನಲ್ಲಿ ಉಳಿದದ್ದು ಇದು. ಶಾಲೆಯಲ್ಲಿ ಇವರಿಗೆ ಸಿಡುಕಿನ ಟೀಚರ್ ಎಂಬ ಹೆಸರಿತ್ತು. ನಕ್ಕರೆ ಬೀಳುತ್ತೇನೆ ಎಂದು ವರ್ಷಗಟ್ಟಲೆ ನಗುವನ್ನು ಹಿಡಿದುಕೊಂಡು ಬಂದಿದ್ದರು. ಮಕ್ಕಳು ತಮಾಷೆ ಮಾಡಿದರೆ ಗದರಿ ಬಾಯಿ ಮುಚ್ಚಿಸುತ್ತಿದ್ದರು. ಸ್ವಂತ ಮಗ ಮುದ್ದುಮುದ್ದಾಗಿ ಏನೋ ಹೇಳಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಅಮ್ಮನಿಗೆ ನಾನಂದ್ರೆ ಇಷ್ಟ ಇಲ್ಲ ಎಂದು ಮಗು ಅಜ್ಜಿಯ ಬಳಿ ಹೇಳಿತ್ತಂತೆ. ಕ್ಯಾಟಪ್ಲೆಕ್ಸಿ ಇರುವ ಎಷ್ಟೋ ಜನ ಹೀಗೇ ಬದುಕುತ್ತಾರೆ. ಯಾವ ಪರೀಕ್ಷೆಯ ರಿಪೋರ್ಟಿನಲ್ಲೂ ಇದು ಕಾಣುವುದಿಲ್ಲ.

ಹತ್ತನೇ ತರಗತಿಗೆ ತಾವೇ ಹೇಳುತ್ತೇನೆ ಎಂದರು. ಪ್ರಾರ್ಥನೆಯಲ್ಲಿ ಎಲ್ಲರಿಗೂ ಹೇಳುವುದು ಬೇಡ ಅನಿಸಿತ್ತು ಅವರಿಗೆ. ಹೇಳಿದ್ದು ಇಷ್ಟು: ನನಗೆ ಜೋರಾಗಿ ನಗು ಬಂದರೆ ಕಾಲಲ್ಲಿ ಬಲ ಹೋಗುತ್ತದೆ. ಬಿದ್ದರೆ ಹೆದರಬೇಡಿ. ನೀರು ಎರಚಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ. ತಲೆ ನೆಲಕ್ಕೆ ಬಡಿಯದ ಹಾಗೆ ನೋಡಿಕೊಂಡು ಒಂದೆರಡು ನಿಮಿಷ ಕಾಯಿರಿ. ನನಗೆ ಎಲ್ಲ ಕೇಳಿಸುತ್ತಿರುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ "ಹಾಗಾದ್ರೆ ನಾವು ಜೋಕ್ ಹೇಳಬಾರದಾ ಮಿಸ್?" ಎಂದು ಕೇಳಿದ. "ಹೇಳಿ, ನಾನು ಕೂತ ಮೇಲೆ ಹೇಳಿ," ಎಂದರಂತೆ. ಈಗ ನಗು ಬರುವ ಸೂಚನೆ ಸಿಕ್ಕರೆ ಗೋಡೆಗೆ ಒರಗುತ್ತಾರೆ ಅಥವಾ ಕೂರುತ್ತಾರೆ. ಮಗನ ಜೊತೆ ಆಡುವುದು ಚಾಪೆಯ ಮೇಲೆ ಕೂತು.

ಈಗ

ಒಂದು ವರ್ಷ ದಾಟಿದೆ. ಹಗಲಿನ ನಿದ್ದೆ ಅಳೆಯುವ ಎಪ್‌ವರ್ತ್ ಪಟ್ಟಿಯಲ್ಲಿ 24ಕ್ಕೆ 19 ಇದ್ದದ್ದು 12ಕ್ಕೆ ಬಂದಿದೆ. 10ರವರೆಗೆ ಸಹಜ ಎನ್ನುತ್ತಾರೆ, ಅಂದರೆ ಪೂರ್ತಿ ಸರಿಯಾಗಿಲ್ಲ. ರಾತ್ರಿ ನಾಲ್ಕೈದು ಸಲ ಎಚ್ಚರವಾಗುವುದು ಹಾಗೇ ಇದೆ. ಮದುವೆ ಮನೆಗಳಿಗೆ ಹೋಗಲು ಇನ್ನೂ ಹಿಂಜರಿಯುತ್ತಾರೆ.

ಎರಡನೇ ಮಗು ಬೇಕು ಎಂಬ ಆಸೆ ಇದೆ. ಗರ್ಭಿಣಿಯರಿಗೆ ಮೊಡಾಫಿನಿಲ್ ಒಳ್ಳೆಯದಲ್ಲ. ಹಾಗಾಗಿ ಮೊದಲೇ ಯೋಜಿಸಿ, ತಜ್ಞರ ಜೊತೆ ಸೇರಿ ಮಾತ್ರೆ ಇಳಿಸಬೇಕು. ಆ ತಿಂಗಳುಗಳಲ್ಲಿ ಮಲಗುವ ಹೊತ್ತನ್ನು ದಿನಕ್ಕೆ ಮೂರಕ್ಕೆ ಏರಿಸಬೇಕಾಗಬಹುದು, ಬೇಕಾದರೆ ರಜೆ ಹಾಕಬೇಕು. ಅಷ್ಟರಲ್ಲಿ ಈ ಹೆಡ್ಮಿಸ್ಟ್ರೆಸ್ ನಿವೃತ್ತರಾಗುತ್ತಾರೆ. ಹೊಸಬರು ಬಂದ ಮೊದಲ ವಾರದಲ್ಲೇ, ಹೊಸ ವೇಳಾಪಟ್ಟಿ ತಯಾರಾಗುವ ಮುಂಚೆ, ಆ ಒಂದು ಪುಟದ ಪತ್ರ ಅವರ ಕೈಗೆ ಹೋಗಬೇಕು. ಪಿ.ಟಿ. ಮೇಷ್ಟ್ರು ತಾವೂ ಜೊತೆಗೆ ಬರುತ್ತೇನೆ ಎಂದಿದ್ದಾರೆ.